ಪ್ರತಿಕ್ರಿಯೆ: ಉಮಾಶ್ರೀ ಬಗ್ಗೆ ಸೆಮಿನಾರ್, ಎಲ್ಲಿಂದ ಶುರು ಮಾಡೋದು?

ಕಲಬುರಗಿ ಕಾಲೇಜಿನಾಗ ನಟಿ ಉಮಾಶ್ರೀ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂದೀರಿ. ಸಿನಿಮಾ ಪಟ್ಟಿಯಿಂದ ಶುರು ಮಾಡಬ್ಯಾಡ್ರಿ, ಹೆಸರು ಓದೋದ್ರಾಗೇ ಟೈಮ್ ಮುಗೀತದ. ‘ಒಡಲಾಳ’ ನಾಟಕದಾಗ ಅವರು ಮಾಡಿದ ಸಾಕವ್ವನ ಪಾತ್ರದಿಂದ ಶುರು ಮಾಡ್ರಿ. ಕಳೆದ ಹುಂಜ ಹುಡುಕೋ ಆ ಮುದುಕಿಗೆ ಐದು ನಿಮಿಷ ಕೊಟ್ರೂ ಕಡಿಮೆನೇ. ಮಾತು ಓದಿ ತೋರಿಸೋದಾದ್ರ ನಮ್ಮ ಕಡಿ ಭಾಷಿಗೆ ತಿರುಗಿಸಬ್ಯಾಡ್ರಿ. ಮೈಸೂರು ಸೀಮೆಯ ಲಯ ಹೋದ್ರ ಪಾತ್ರನೇ ಹೋಗ್ತದ. 1984ರ ‘ಅನುಭವ’ ಸಿನಿಮಾ, ಆಮೇಲಿನ ಕಾಮಿಡಿ ಪಾತ್ರಗಳಿಗೆ ಒಂದು ನಿಮಿಷ. ‘ಗುಲಾಬಿ ಟಾಕೀಸ್’ಗೆ ಮೂರು: ಕಾಸರವಳ್ಳಿ ನಿರ್ದೇಶನ, ಸೂಲಗಿತ್ತಿ ಪಾತ್ರ, ರಾಷ್ಟ್ರಪ್ರಶಸ್ತಿ. ಪ್ರಶಸ್ತಿ 2007ನೇ ಸಾಲಿಂದು, ಪ್ರಕಟ ಆಗಿದ್ದು 2009ರಾಗ. ಭಾಳ ಮಂದಿ ಎಡವೋದು ಇಲ್ಲೇ. ತೇರದಾಳ ಶಾಸಕಿ ಆಗಿದ್ದು, 2013ರ ಮಂತ್ರಿಗಿರಿ ಒಂದೇ ಸಾಲಿನಾಗ ಮುಗಿಸ್ರಿ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಕಡೀಗೆ ಇಡ್ರಿ, ಕ್ಲಾಸಿನವರು ಪ್ರಶ್ನೆ ಕೇಳೋದು ಅದರ ಮ್ಯಾಲೇ.