ಪ್ರ: ರಿಬ್ಬನ್ ಪದಕಕ್ಕೆ ಯಾವ ಪಿನ್?

ಮಕ್ಕಳ ಓಟದ ಪಂದ್ಯಕ್ಕೆ ಮನೆಯಲ್ಲೇ ಮಾಡಿದ ಪದಕ ಸೇಫ್ಟಿ ಪಿನ್ ಹಾಕಿದರೆ ಮುಂದಕ್ಕೆ ವಾಲುತ್ತೆ ಅಂದಿದ್ದೀರಿ. ನಂದೂ ಮೊದಲ ಸಲ ಹಾಗೇ ತಲೆ ತಗ್ಗಿಸಿಕೊಂಡು ನೇತಾಡಿತ್ತು. ಬ್ರೂಚ್ ಪಿನ್ ತಗೊಳ್ಳಿ: ಒಂದಿಂಚಿನ ಲೋಹದ ಪಟ್ಟಿ, ಅದರಲ್ಲಿ ಎರಡು ಮೂರು ತೂತು, ತುದಿಯಲ್ಲಿ ತಿರುಗಿಸಿ ಲಾಕ್ ಮಾಡೋ ಕೊಕ್ಕೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಬೆಂಗಳೂರಲ್ಲಿದ್ದರೆ ಚಿಕ್ಕಪೇಟೆ ಕಡೆ ಹೋಗಿ. ಅಂಟು ಬೇಡ, ಸ್ಯಾಟಿನ್ ಮೇಲೆ ಕಲೆ ಬೀಳುತ್ತೆ, ಆಮೇಲೆ ಕಿತ್ತೂ ಬರುತ್ತೆ. ರಿಬ್ಬನ್ನಿನ ಮೇಲ್ತುದಿ ಮಡಚಿ, ಒಳಗೆ ದಪ್ಪ ರಟ್ಟಿನ ಚೂರಿಟ್ಟು, ಪಿನ್ನಿನ ತೂತುಗಳಿಗೆ ಸೂಜಿ ದಾರ ಹಾಕಿ ಹೊಲಿಯಿರಿ. ಪಿನ್ ಆದಷ್ಟು ಮೇಲಿರಲಿ, ಆಗ ವಾಲೋದಿಲ್ಲ. ಬಿಲ್ಲೆ ನೇತುಹಾಕೋಕೆ ಸರ ಮಾಡೋರು ಬಳಸೋ ಜಂಪ್ ರಿಂಗ್ (ಬಾಯಿ ಬಿಡಿಸಿ ಮುಚ್ಚಬಹುದಾದ ಪುಟ್ಟ ಲೋಹದ ಉಂಗುರ) ಸಾಕು. ಅಯಸ್ಕಾಂತದ ಪಿನ್ ಮಾತ್ರ ಬೇಡ, ಚಿಕ್ಕ ಮಕ್ಕಳು ನುಂಗಿಬಿಟ್ಟರೆ ಕಷ್ಟ.