45ರ ಐಡಲ್ ಜೆಟ್ ಕೊರೆಯುವ ಮುನ್ನ

ವೆಬರ್ ಕಾರ್ಬ್ಯುರೇಟರಿನ 45ರ ಐಡಲ್ ಜೆಟ್ಟನ್ನು (ಎಂಜಿನ್ ಐಡಲ್‌ನಲ್ಲಿ ಓಡುವಾಗ ಪೆಟ್ರೋಲ್ ಅಳೆದು ಬಿಡುವ, ಸಣ್ಣ ತೂತಿನ ಹಿತ್ತಾಳೆ ತುಂಡು) ಕೊರೆದು 50 ಮಾಡಬಹುದಾ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಆತುರ ಬೇಡ. ಆ ನಂಬರ್ ಅಂದ್ರೆ ತೂತಿನ ಅಗಲ: 0.45 ಮಿ.ಮೀ. ಅದು 0.50 ಆದರೆ ಏನು ಮಹಾ ಅನ್ನಿಸುತ್ತೆ, ಅಲ್ವಾ? ತೂತಿನ ವಿಸ್ತೀರ್ಣ ಸುಮಾರು 23% ಜಾಸ್ತಿ ಆಗುತ್ತದೆ!

ಮೊದಲು ಜೆಟ್ ಬಿಚ್ಚಿ, ಕ್ಲೀನರ್ ಹಾಕಿ ಗಾಳಿ ಊದಿ. ಎಷ್ಟೋ ಸಲ ಕಸ ಕಟ್ಟಿಕೊಂಡಿರುತ್ತದೆ, ಅಷ್ಟೇ. ಆಮೇಲೆ ತೂತನ್ನು ನಿಖರ ಅಳತೆಯ ಸಣ್ಣ ಕಡ್ಡಿಯಾದ ಪಿನ್ ಗೇಜ್‌ನಿಂದ ಅಳೆಯಿರಿ. ಹಿತ್ತಾಳೆ ಮೆದು, ಒತ್ತಿ ತೂರಿಸಬೇಡಿ. ಜೆಟ್ ಮೇಲಿನ ನಂಬರನ್ನು ಸುಮ್ನೆ ನಂಬಬೇಡಿ. ಹಳೇ ಗಾಡಿಯಲ್ಲಿ ಯಾರೋ ಮೊದಲೇ ಕೊರೆದಿರಬಹುದು.

ಕೊರೆಯುವುದಾದರೆ ಸಣ್ಣ ಬಿಟ್ ಹಿಡಿಯುವ ಕೈ ಹಿಡಿಕೆಯಾದ ಪಿನ್ ವೈಸ್‌ನಲ್ಲಿ ಬಿಟ್ ಹಿಡಿದು ಕೈಯಲ್ಲೇ ತಿರುಗಿಸಿ. ಪವರ್ ಡ್ರಿಲ್ ಮುಟ್ಟಲೇಬೇಡಿ. ಎಲ್ಲ ಜೆಟ್ಟುಗಳೂ ಒಂದೇ ಅಳತೆ ಇರಲಿ. ನಾನಾಗಿದ್ದರೆ ಹಳೆಯವನ್ನು ಎತ್ತಿಟ್ಟು, ಬೇರೆ ಸೆಟ್ ಮೇಲೆ ಕೈಯಾಡಿಸುತ್ತಿದ್ದೆ.