ಗಂಡ ಬಿಟ್ಟುಹೋದ ತಾಯಿಗೆ ಜಕಾತ್ ಸಿಗುವುದು ವಿಧವೆಗಿಂತ ಕಷ್ಟವೇಕೆ?

ನಿಯಮದಲ್ಲಿ ಅಡ್ಡಿಯೇನಿಲ್ಲ, ತೊಡಕಿರುವುದು ಪುರಾವೆಯಲ್ಲಿ. ಜಕಾತ್ ಎಂದರೆ ನಿಗದಿತ ಮಿತಿ ಮೀರಿದ ಉಳಿತಾಯವುಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಅದರಲ್ಲಿ ಶೇ. 2.5ರಷ್ಟನ್ನು ಕೊಡಲೇಬೇಕಾದ ದಾನ. ಪಡೆಯಲು ಅರ್ಹರಾದ 8 ವರ್ಗಗಳನ್ನು ಕುರ್‌ಆನ್ (9:60) ಹೆಸರಿಸುತ್ತದೆ. ಅಲ್ಲಿ ಬಡವರು, ನಿರ್ಗತಿಕರು, ಸಾಲಗಾರರು ಇದ್ದಾರೆ. ವಿಧವೆ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ನೋಡಬೇಕಾದದ್ದು ಬಡತನವನ್ನು, ಅಷ್ಟೇ.

ಆದರೆ ವಿಧವೆಯ ಬಳಿ ಮರಣ ಪ್ರಮಾಣಪತ್ರ ಇರುತ್ತದೆ. ಗಂಡ ಬಿಟ್ಟುಹೋದವಳು ಕಾಗದದ ಮೇಲೆ ಇನ್ನೂ ಗಂಡನಿರುವವಳು. ಹೆಂಡತಿ ಮಕ್ಕಳ ಖರ್ಚು, ಅಂದರೆ ನಫಕಾ, ಗಂಡನ ಹೊಣೆ ಎನ್ನುತ್ತದೆ ಶರೀಅತ್. ಹಾಗಾಗಿ ಅರ್ಜಿ ನೋಡುವವರು "ಅವನೇನೂ ಕೊಡುವುದಿಲ್ಲವೇ?" ಎಂದು ಕೇಳುತ್ತಾರೆ. ಬಾರದ ಹಣಕ್ಕೆ ರಸೀದಿ ಎಲ್ಲಿಂದ ತರುವುದು? ನಿಜಕ್ಕೂ ಏನೂ ಬರುತ್ತಿಲ್ಲವಾದರೆ ಆಕೆ ಬಡವಳೇ, ಜಕಾತಿಗೆ ಅರ್ಹಳೇ. ಇದನ್ನು ಆಕೆಯೇ ಬಾಯಿಬಿಟ್ಟು, ಅಪರಿಚಿತರೆದುರು, ಮತ್ತೆಮತ್ತೆ ಹೇಳಬೇಕು. ನನ್ನ ಮಟ್ಟಿಗೆ ಹಸಿವಿಗಿಂತ ದೊಡ್ಡ ತಡೆ ಈ ಮುಜುಗರವೇ.

ಮಕ್ಕಳಿಗೂ ಇದೇ ಪಾಡು. ಪ್ರಾಯಕ್ಕೆ ಬರುವ ಮುನ್ನ ತಂದೆ ತೀರಿಕೊಂಡ ಮಗು ಮಾತ್ರ ಯತೀಮ್, ಅಂದರೆ ಅನಾಥ. ತಂದೆ ಎಲ್ಲೋ ಬದುಕಿದ್ದರೆ ಅನಾಥರಿಗೆಂದೇ ಮೀಸಲಿಟ್ಟ ನೆರವು ಆ ಮಗುವಿಗೆ ತಲುಪುವುದಿಲ್ಲ.

ಸಿಕ್ಕರೂ, ಅನೇಕರು ಜಕಾತ್ ಕೊಡುವುದು ರಂಜಾನಿನಲ್ಲಿ. ಮನೆ ಬಾಡಿಗೆಯನ್ನೋ ತಿಂಗಳು ತಿಂಗಳು ಕಟ್ಟಬೇಕು. ಹಾಗಾಗಿ ಜಾಣೆಯರು ಆ ಹಣದಲ್ಲಿ ಮೊದಲು ದಿನಸಿ ಅಂಗಡಿಯ ಹಳೆ ಬಾಕಿ ತೀರಿಸುತ್ತಾರೆ. ಮುಂದಿನ ತಿಂಗಳುಗಳಲ್ಲಿ ಮತ್ತೆ ಸಾಲ ಹುಟ್ಟಬೇಕಲ್ಲ!